ಎಲೆಕ್ಟ್ರಾನ್ ಕಳೆದುಕೊಂಡ ಅಣು



ಬಿಸಿಲಿಗಿಟ್ಟ ನೀರು ಬಿಸಿಯಾಗುತ್ತದೆ, ಆವಿಯಾಗುತ್ತದೆ, ಆದರೆ ಒಡೆಯುವುದಿಲ್ಲ. ಆವಿಯಾಗಿ ಮೇಲೇರಿದ ಮೇಲೂ ಅದು ನೀರೇ. ಎರಡು ಹೈಡ್ರೋಜನ್, ಒಂದು ಆಮ್ಲಜನಕ ಕೂಡಿ ಆದ ಅದೇ ಅಣು. ಕೆರೆ, ಕಡಲು, ಮೋಡಗಳ ಮೇಲೆ ಕೋಟ್ಯಂತರ ವರ್ಷಗಳಿಂದ ಬಿಸಿಲು ಸುರಿಯುತ್ತಿದೆ. ನೀರು ನೀರಾಗಿಯೇ ಉಳಿದಿದೆ. ಅದೇ ನೀರಿನ ಅಣು ಧೂಮಕೇತುವಿನ ಮಂಜುಗಡ್ಡೆಯಿಂದ ಬಿಡಿಸಿಕೊಂಡು ಬಯಲು ಬಾನಿಗೆ ಬಂದರೆ ಕತೆ ಬೇರೆ. ಅಲ್ಲಿ ಸೂರ್ಯನ ಬೆಳಕು ಕೆಲವು ಅಣುಗಳನ್ನು ಒಡೆಯುತ್ತದೆ. ಇನ್ನು ಕೆಲವು ಅಣುಗಳು ಒಂದು ಎಲೆಕ್ಟ್ರಾನನ್ನು ಕಳೆದುಕೊಂಡೂ ಇಡಿಯಾಗಿ ಉಳಿಯುತ್ತವೆ, ಧೂಮಕೇತುವಿನ ಬಾಲದಲ್ಲಿ ಲಕ್ಷಾಂತರ ಕಿಲೋಮೀಟರ್ ಹರಿದುಹೋಗುತ್ತವೆ.

ಸೂರ್ಯ ಒಬ್ಬನೇ, ನೀರೂ ಒಂದೇ. ಹಾಗಿದ್ದರೆ ಒಂದು ಅಣು ಒಡೆಯುವುದಕ್ಕೂ ಇನ್ನೊಂದು ಉಳಿಯುವುದಕ್ಕೂ ಕಾರಣವೇನು? ಸುಮಾರು ನೂರು ವರ್ಷಗಳ ದುಡಿಮೆಯಿಂದ ಭೌತ ಮತ್ತು ರಸಾಯನ ವಿಜ್ಞಾನಿಗಳು ಇದಕ್ಕೆ ಉತ್ತರ ಕಂಡುಕೊಂಡಿದ್ದಾರೆ. ಹೊರಟುಹೋದ ಎಲೆಕ್ಟ್ರಾನ್ ಅಣುವಿನ ಒಳಗೆ ಯಾವ ಕೆಲಸ ಮಾಡುತ್ತಿತ್ತು ಎಂಬುದರ ಮೇಲೆ ಉಳಿದ ಅಣುವಿನ ಭವಿಷ್ಯ ನಿಂತಿದೆ. ಈ ಒಂದು ಮಾತನ್ನು ಹಿಡಿದರೆ ನಿಮ್ಮ ರೇಡಿಯೋಗೆ ರಾತ್ರಿ ದೂರದ ನಿಲಯಗಳು ಸಿಗುವುದೇಕೆ, ಮಂಗಳ ಗ್ರಹದ ಗಾಳಿ ತೆಳುವಾದದ್ದು ಹೇಗೆ, ಕ್ಷ-ಕಿರಣ ಜೀವಕೋಶಕ್ಕೆ ಮಾಡುವ ಹಾನಿ ಎಂಥದು ಎಂಬ ಪ್ರಶ್ನೆಗಳು ಒಂದೇ ಸಾಲಿಗೆ ಬಂದು ನಿಲ್ಲುತ್ತವೆ.

ಮೊದಲು ಬೆಳಕಿನ ವಿಚಾರ. 1887ರಲ್ಲಿ ಜರ್ಮನಿಯ ಹೈನ್ರಿಶ್ ಹರ್ಟ್ಸ್, ರೇಡಿಯೋ ಅಲೆಗಳ ಪ್ರಯೋಗ ನಡೆಸುತ್ತಿದ್ದಾಗಲೇ ಒಂದು ವಿಚಿತ್ರವನ್ನು ಗಮನಿಸಿದರು. ನೇರಳಾತೀತ ಬೆಳಕು ಬಿದ್ದ ಲೋಹದ ತುದಿಗಳ ನಡುವೆ ಕಿಡಿ ಸುಲಭವಾಗಿ ಹಾರುತ್ತಿತ್ತು. ಬೆಳಕು ಲೋಹದಿಂದ ಎಲೆಕ್ಟ್ರಾನುಗಳನ್ನು ಹೊರಗೆಳೆಯುತ್ತಿದೆ ಎಂಬುದು ಆಮೇಲೆ ತಿಳಿಯಿತು. 1905ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಅದರ ಲೆಕ್ಕ ಕೊಟ್ಟರು: ಬೆಳಕು ಶಕ್ತಿಯ ಬಿಡಿಬಿಡಿ ಪೊಟ್ಟಣಗಳಾಗಿ ಬರುತ್ತದೆ, ಒಂದು ಪೊಟ್ಟಣ ಒಂದು ಎಲೆಕ್ಟ್ರಾನಿಗೆ. ಪೊಟ್ಟಣದಲ್ಲಿರುವ ಶಕ್ತಿ ಬೆಳಕಿನ ಬಣ್ಣವನ್ನು ಅವಲಂಬಿಸಿದೆ. ಈ ಪೊಟ್ಟಣಕ್ಕೆ ನಾವು ಇಂದು ಫೋಟಾನ್ ಎನ್ನುತ್ತೇವೆ.

ಈ ಶಕ್ತಿಯನ್ನು ಅಳೆಯಲು ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನ ಉಂಟು. ಕೆಂಪು ಬೆಳಕಿನ ಒಂದು ಫೋಟಾನಿನಲ್ಲಿ ಸುಮಾರು 1.8 ಎಲೆಕ್ಟ್ರಾನ್ ವೋಲ್ಟ್, ನೇರಳೆ ಬೆಳಕಿನದರಲ್ಲಿ ಸುಮಾರು 3.1. ನೀರಿನ ಅಣುವಿನಿಂದ ಅತಿ ಸಡಿಲವಾದ ಎಲೆಕ್ಟ್ರಾನನ್ನು ಕೀಳಬೇಕಾದರೂ 12.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಅಷ್ಟು ಶಕ್ತಿ ಇರುವುದು 98 ನ್ಯಾನೋಮೀಟರಿಗಿಂತ ಗಿಡ್ಡ ಅಲೆಯ ಬೆಳಕಿನಲ್ಲಿ ಮಾತ್ರ. ಸೂರ್ಯನಿಂದ ಅಂಥ ಬೆಳಕು ಹೊರಡುತ್ತದೆ, ನಿಜ. ಆದರೆ ನೆಲದಿಂದ ಬಹಳ ಎತ್ತರದಲ್ಲೇ ಗಾಳಿಯ ಅಣುಗಳೂ ಪರಮಾಣುಗಳೂ ಅದನ್ನು ಹೀರಿಕೊಂಡುಬಿಡುತ್ತವೆ. ಹಾಗಾಗಿ ನಮ್ಮ ಕೆರೆಯ ನೀರು ಸುರಕ್ಷಿತ. ಎಲೆಕ್ಟ್ರಾನ್ ಕಳೆದುಕೊಳ್ಳದೆಯೂ ಗಿಡ್ಡ ಅಲೆಯ ನೇರಳಾತೀತ ಬೆಳಕಿಗೆ ನೀರು ಒಡೆಯುವ ದಾರಿ ಇದೆ. ಅದು ಬೇರೆಯೇ ಅಧ್ಯಾಯ. ಇಂದು ನಾವು ಎಲೆಕ್ಟ್ರಾನ್ ಕಳೆದುಕೊಂಡ ಅಣುವಿನ ಹಿಂದೆ ಹೋಗೋಣ.

ನೀರಿನ ಅಣುವಿನಲ್ಲಿ ಒಟ್ಟು ಹತ್ತು ಎಲೆಕ್ಟ್ರಾನುಗಳು. ಅವು ಜೋಡಿ ಜೋಡಿಯಾಗಿ ಐದು ನೆಲೆಗಳಲ್ಲಿವೆ. ಒಂದು ಜೋಡಿ ಆಮ್ಲಜನಕದ ನ್ಯೂಕ್ಲಿಯಸ್ಸಿಗೆ ಅಂಟಿಕೊಂಡಂತಿದೆ. ಅದರಿಂದ ಒಂದು ಎಲೆಕ್ಟ್ರಾನನ್ನು ಕೀಳಲು ಸುಮಾರು 540 ಎಲೆಕ್ಟ್ರಾನ್ ವೋಲ್ಟ್ ಬೇಕು, ಅಂದರೆ ಕ್ಷ-ಕಿರಣವೇ ಬೇಕು. ಉಳಿದ ನಾಲ್ಕು ಜೋಡಿಗಳು ಹೊರಗಿನವು. ಅವುಗಳಲ್ಲಿ ಮೇಲಿನ ಮೂರು ಜೋಡಿಗಳನ್ನು ಗಮನಿಸಿ.

ಅತಿ ಹೊರಗಿನ ಜೋಡಿ ಪೂರ್ತಿ ಆಮ್ಲಜನಕದ ಸ್ವಂತದ್ದು. ಹೈಡ್ರೋಜನ್‌ಗಳನ್ನು ಹಿಡಿದಿಡುವ ಕೆಲಸದಲ್ಲಿ ಅದಕ್ಕೆ ಪಾಲಿಲ್ಲ. ಅದರಿಂದ ಒಂದು ಎಲೆಕ್ಟ್ರಾನ್ ಹೋದರೆ ಅಣು ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ಆಮ್ಲಜನಕಕ್ಕೂ ಹೈಡ್ರೋಜನ್‌ಗೂ ನಡುವಿನ ಅಂತರ, ಅಣುಗಳ ಅಳತೆಗೆ ಬಳಸುವ ಮಾನದಲ್ಲಿ, 0.96 ಆಂಗ್‌ಸ್ಟ್ರಮ್ ಇದ್ದದ್ದು 1.00 ಆಗುತ್ತದೆ, 104.5 ಡಿಗ್ರಿ ಇದ್ದ ಕೋನ ಸುಮಾರು 109 ಆಗುತ್ತದೆ. ಅಷ್ಟೇ. ಎರಡನೆಯ ಜೋಡಿ ಅಣುವಿನ ಬಾಗನ್ನು ಕಾಯುವ ಜೋಡಿ. ಅದರಿಂದ ಒಂದು ಎಲೆಕ್ಟ್ರಾನ್ ಹೋದರೆ ಬಾಗಿದ ಅಣು ನೆಟ್ಟಗಾಗಲು ಹೊರಡುತ್ತದೆ, ಮೂರು ಪರಮಾಣುಗಳೂ ಒಂದೇ ಗೆರೆಯ ಮೇಲೆ ಬಂದು ಅತ್ತಿತ್ತ ತೂಗಾಡುತ್ತವೆ. ಮೂರನೆಯ ಜೋಡಿ ಬಂಧದ ಜೋಡಿ. ಆಮ್ಲಜನಕವನ್ನೂ ಹೈಡ್ರೋಜನ್‌ಗಳನ್ನೂ ಕೂಡಿಸಿ ಹಿಡಿದದ್ದು ಮುಖ್ಯವಾಗಿ ಅದೇ. ಸುಮಾರು 18 ಎಲೆಕ್ಟ್ರಾನ್ ವೋಲ್ಟ್ ದಾಟಿದ ಬೆಳಕು ಇಲ್ಲಿಂದ ಒಂದು ಎಲೆಕ್ಟ್ರಾನನ್ನು ಕಿತ್ತರೆ ಅಣು ಒಡೆಯುತ್ತದೆ. ಒಂದು ಹೈಡ್ರೋಜನ್ ಬೇರೆಯಾಗುತ್ತದೆ, ಆಮ್ಲಜನಕ ಮತ್ತು ಇನ್ನೊಂದು ಹೈಡ್ರೋಜನ್ ಒಟ್ಟಿಗೆ ಉಳಿಯುತ್ತವೆ.

ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ಕಂಬಗಳು ಹಲವು ಇರುತ್ತವೆ. ಕೆಲವು ಅಂದಕ್ಕೆ ನಿಲ್ಲಿಸಿದವು, ಕೆಲವು ಜಗಲಿಯ ಅಂಚಿಗೆ ಆಸರೆ, ಕೆಲವು ತೊಲೆಯನ್ನೇ ಹೊತ್ತವು. ಕಂಬ ತೆಗೆದರೆ ಮನೆ ಬೀಳುತ್ತದೆಯೇ ಎಂದು ಕೇಳಿದರೆ ಬಡಗಿ ಮೊದಲು ಕೇಳುವುದು, ಯಾವ ಕಂಬ ಎಂದು. ಅಣುವಿನ ಮಟ್ಟಿಗೂ ಸರಿಯಾದ ಪ್ರಶ್ನೆ ಅದೇ.

ಕಣ್ಣಿಗೆ ಕಾಣದ ಅಣುವಿನ ಒಳಗಿನ ಈ ನೆಲೆಗಳನ್ನು ಕಂಡುಕೊಂಡ ಬಗೆಯೂ ಅಷ್ಟೇ ಸೊಗಸಾದದ್ದು. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಡೇವಿಡ್ ಟರ್ನರ್, ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡ್‌ನಲ್ಲಿ ವಿಲೆಸೊವ್ ಬೇರೆ ಬೇರೆಯಾಗಿ ಈ ದಾರಿ ತೆರೆದರು. ಹೀಲಿಯಮ್ ತುಂಬಿದ ದೀಪದಿಂದ 58.4 ನ್ಯಾನೋಮೀಟರಿನ ಒಂದೇ ಬಗೆಯ ಬೆಳಕು ಸಿಗುತ್ತದೆ. ಅದರ ಪ್ರತಿ ಫೋಟಾನಿನಲ್ಲೂ 21.2 ಎಲೆಕ್ಟ್ರಾನ್ ವೋಲ್ಟ್ ಇದೆ. ಟರ್ನರ್ ಈ ಬೆಳಕನ್ನು ಅನಿಲದ ಮೇಲೆ ಬಿಟ್ಟು, ಹಾರಿಬಂದ ಎಲೆಕ್ಟ್ರಾನಿನ ಶಕ್ತಿಯನ್ನು ಅಳೆದರು. ನೀರಿನ ಆವಿಯಿಂದ ಬಂದ ಎಲೆಕ್ಟ್ರಾನಿನಲ್ಲಿ 8.6 ಎಲೆಕ್ಟ್ರಾನ್ ವೋಲ್ಟ್ ಕಂಡರೆ, 21.2ರಲ್ಲಿ 8.6 ಕಳೆದು ಉಳಿದ 12.6 ಅದನ್ನು ಕೀಳಲು ಖರ್ಚಾದ ಶಕ್ತಿ. ಇನ್ನೂ ನಿಧಾನವಾಗಿ ಬಂದ ಎಲೆಕ್ಟ್ರಾನ್ ಇನ್ನೂ ಒಳಗಿನ ನೆಲೆಯಿಂದ ಬಂದದ್ದು. ಒಂದು ಕಳೆಯುವ ಲೆಕ್ಕದಿಂದ ಅಣುವಿನ ಅಂತಸ್ತುಗಳೆಲ್ಲ ತೆರೆದುಕೊಂಡವು.

ಧೂಮಕೇತುವೂ ಇದಕ್ಕೆ ಸಾಕ್ಷಿ ಹೇಳಿತು. 1973–74ರ ಚಳಿಗಾಲದಲ್ಲಿ ಕೊಹೌಟೆಕ್ ಧೂಮಕೇತು ಸೂರ್ಯನನ್ನು ಬಳಸಿ ಹೋಯಿತು. ಅದರ ಬಾಲದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಯಾವುದೋ ಗುರುತಿಸಲಾಗದ ಗೆರೆಗಳು ಕಂಡವು. ರಸಾಯನ ವಿಜ್ಞಾನಕ್ಕೆ 1971ರ ನೊಬೆಲ್ ಪಡೆದಿದ್ದ ಕೆನಡಾದ ಗೆರ್‌ಹಾರ್ಡ್ ಹರ್ಟ್ಸ್‌ಬರ್ಗ್ ಮತ್ತು ಅವರ ಸಹೋದ್ಯೋಗಿ ಹಿನ್ ಲ್ಯೂ, ಪ್ರಯೋಗಾಲಯದಲ್ಲಿ ತಾವು ಕಂಡಿದ್ದ ಗೆರೆಗಳೊಂದಿಗೆ ಅವನ್ನು ಹೋಲಿಸಿ ನೋಡಿ, ಇದು ಒಂದು ಎಲೆಕ್ಟ್ರಾನ್ ಕಳೆದುಕೊಂಡ ನೀರಿನ ಅಣು ಎಂದು ಸಾರಿದರು. ಹೊರಗಿನ ಎಲೆಕ್ಟ್ರಾನ್ ಹೋದ ಮಾತ್ರಕ್ಕೆ ನೀರು ಒಡೆಯದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗಾಲಯದ ಪುರಾವೆ ಬೇಕಿಲ್ಲ.

ಈಗ ಒಡೆಯುವ ಗಳಿಗೆಯನ್ನೇ ಹತ್ತಿರದಿಂದ ನೋಡೋಣ. ಅದಕ್ಕೆ ಎಲ್ಲಕ್ಕಿಂತ ಚಿಕ್ಕ ಅಣುವಾದ ಹೈಡ್ರೋಜನ್ ಸಾಕು. ಎರಡು ಪ್ರೋಟಾನ್, ಎರಡು ಎಲೆಕ್ಟ್ರಾನ್; ಬೇರೇನೂ ಇಲ್ಲ. ಪ್ರೋಟಾನುಗಳ ನಡುವಿನ ಅಂತರ 0.74 ಆಂಗ್‌ಸ್ಟ್ರಮ್. ಒಂದು ಎಲೆಕ್ಟ್ರಾನ್ ಕೀಳಲು 15.4 ಎಲೆಕ್ಟ್ರಾನ್ ವೋಲ್ಟ್ ಬೇಕು. ಕಿತ್ತ ಮೇಲೆ ಉಳಿದ ಒಂಟಿ ಎಲೆಕ್ಟ್ರಾನ್ ಎರಡೂ ಪ್ರೋಟಾನುಗಳನ್ನು ಹಿಡಿದಿಡಲು ಪ್ರಯತ್ನಿಸುತ್ತದೆ, ಹಿಡಿದೂ ಇಡುತ್ತದೆ. ಆದರೆ ಹಿಡಿತ ಸಡಿಲವಾಗುತ್ತದೆ. ಮೊದಲು ಬಂಧವನ್ನು ಮುರಿಯಲು ಸುಮಾರು 4.5 ಎಲೆಕ್ಟ್ರಾನ್ ವೋಲ್ಟ್ ಬೇಕಿತ್ತು, ಈಗ 2.65 ಸಾಕು, ಅಂತರವೂ 0.74ರಿಂದ 1.06ಕ್ಕೆ ಹಿಗ್ಗುತ್ತದೆ.

ಇಲ್ಲಿ ಕಾಲದ ವಿಚಾರ ಬರುತ್ತದೆ. ಪ್ರೋಟಾನ್ ಎಲೆಕ್ಟ್ರಾನಿಗಿಂತ 1836 ಪಟ್ಟು ಭಾರ. ಎಲೆಕ್ಟ್ರಾನ್ ಕ್ಷಣಾರ್ಧಕ್ಕಿಂತಲೂ ಎಷ್ಟೋ ಬೇಗ ಹೊರಟುಹೋಗುತ್ತದೆ. ಭಾರದ ನ್ಯೂಕ್ಲಿಯಸ್ಸುಗಳು ಇದ್ದಲ್ಲೇ ಇರುತ್ತವೆ. ಎಲೆಕ್ಟ್ರಾನ್ ಹೋದ ಮರುಗಳಿಗೆಯಲ್ಲಿ ಅಣುವಿನ ಆಕಾರ ಹಳೆಯದು, ಅದರ ಮೇಲಿನ ಸೆಳೆತಗಳು ಹೊಸವು. ಆ ಹಳೆಯ ಆಕಾರ ಹೊಸ ಸೆಳೆತಗಳಿಗೆ ಒಗ್ಗಿದರೆ ಅಣು ಶಾಂತವಾಗಿರುತ್ತದೆ, ಒಗ್ಗದಿದ್ದರೆ ಕಂಪಿಸತೊಡಗುತ್ತದೆ, ತೀರಾ ಒಗ್ಗದಿದ್ದರೆ ಒಡೆಯುತ್ತದೆ. ಜೇಮ್ಸ್ ಫ್ರಾಂಕ್ ಮತ್ತು ಎಡ್ವರ್ಡ್ ಕಾಂಡನ್ 1920ರ ದಶಕದಲ್ಲಿ ರೂಪಿಸಿದ ಈ ವಿಚಾರವೇ ಇಡೀ ವಿಷಯದ ತಳಹದಿ.

ಒಡೆಯಲು ಹಿಡಿಯುವ ಸಮಯ ಎಷ್ಟು? ನೀರಿನ ಅಣುವಿನಲ್ಲಿ ಹೈಡ್ರೋಜನ್ ಒಮ್ಮೆ ಹಿಂದೆ ಮುಂದೆ ಕಂಪಿಸಲು ಸುಮಾರು 9 ಫೆಮ್ಟೋಸೆಕೆಂಡ್ ಹಿಡಿಯುತ್ತದೆ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಲಕ್ಷ ಪಾಲು ಮಾಡಿದರೆ ಸಿಗುವುದು ಒಂದು ಫೆಮ್ಟೋಸೆಕೆಂಡ್. ಬಂಧ ಮುರಿಯುವ ಕೆಲಸ ನಡೆಯುವುದು ಇಂಥ ಕೆಲವೇ ಕಂಪನಗಳ ಒಳಗೆ. ಈ ಕಾಲಮಾನದಲ್ಲಿ ಅಣುಗಳನ್ನು ನೋಡುವ ವಿದ್ಯೆಗಾಗಿ ಈಜಿಪ್ಟಿನಲ್ಲಿ ಹುಟ್ಟಿದ ಅಹ್ಮದ್ ಜೆವೈಲ್ ಅವರಿಗೆ 1999ರ ರಸಾಯನ ವಿಜ್ಞಾನದ ನೊಬೆಲ್ ಬಂತು. ಅದಕ್ಕಿಂತಲೂ ಸಾವಿರ ಪಟ್ಟು ಚಿಕ್ಕದಾದ ಆಟೋಸೆಕೆಂಡಿನ ಮಿಂಚುಗಳನ್ನು ಸೃಷ್ಟಿಸಿ ಎಲೆಕ್ಟ್ರಾನಿನ ನಡೆಯನ್ನೇ ಹಿಡಿದ ಪಿಯರ್ ಅಗೋಸ್ತಿನಿ, ಫೆರೆಂಕ್ ಕ್ರಾಸ್ ಮತ್ತು ಆನ್ ಲುಯಿಲಿಯೆ ಅವರಿಗೆ 2023ರ ಭೌತವಿಜ್ಞಾನದ ನೊಬೆಲ್ ಸಂದಿತು.

ಹೈಡ್ರೋಜನ್‌ನಿಂದ ಎರಡೂ ಎಲೆಕ್ಟ್ರಾನುಗಳನ್ನು ಒಟ್ಟಿಗೆ ಕಿತ್ತರೆ? ಉಳಿಯುವುದು 0.74 ಆಂಗ್‌ಸ್ಟ್ರಮ್ ಅಂತರದಲ್ಲಿ ನಿಂತ ಎರಡು ಬೆತ್ತಲೆ ಪ್ರೋಟಾನುಗಳು. ಎರಡೂ ಧನ ವಿದ್ಯುದಾವೇಶದವು. ಅವುಗಳ ನಡುವಿನ ವಿಕರ್ಷಣೆಯ ಶಕ್ತಿ 19.4 ಎಲೆಕ್ಟ್ರಾನ್ ವೋಲ್ಟ್. ಅದನ್ನು ಸಮನಾಗಿ ಹಂಚಿಕೊಂಡು ಎರಡೂ ಎದುರು ದಿಕ್ಕಿಗೆ ಹಾರುತ್ತವೆ, ಸೆಕೆಂಡಿಗೆ ಸುಮಾರು 43 ಕಿಲೋಮೀಟರ್ ವೇಗದಲ್ಲಿ. ಇದಕ್ಕೆ ಕೂಲಂಬ್ ಸ್ಫೋಟ ಎಂದು ಹೆಸರು. ಸ್ಫೋಟ ಎಂಬ ಮಾತು ಕೇಳಿ ಗೊಂದಲದ ಚಿತ್ರ ಕಣ್ಣಿಗೆ ಬರಬಹುದು. ಇಲ್ಲಿ ಗೊಂದಲವೇ ಇಲ್ಲ. ಚೂರುಗಳ ವೇಗವನ್ನು ಅಳೆದು ಲೆಕ್ಕವನ್ನು ಹಿಂದಕ್ಕೆ ಬಿಡಿಸಿದರೆ, ಒಡೆಯುವ ಕ್ಷಣದಲ್ಲಿ ಪ್ರೋಟಾನುಗಳು ಎಷ್ಟು ದೂರದಲ್ಲಿದ್ದವು, ಅಣು ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದು ನಿಖರವಾಗಿ ಸಿಗುತ್ತದೆ. ಜರ್ಮನಿಯ ಫ್ರಾಂಕ್‌ಫರ್ಟ್ ಮತ್ತು ಹೈಡೆಲ್‌ಬರ್ಗಿನ ವಿಜ್ಞಾನಿಗಳು ಇದಕ್ಕೆಂದೇ ಉಪಕರಣಗಳನ್ನು ಕಟ್ಟಿದರು. ವಿದ್ಯುತ್ ಕ್ಷೇತ್ರವೊಂದು ಚೂರುಗಳನ್ನು ಸೆಳೆದು ಶೋಧಕದ ಫಲಕದ ಮೇಲೆ ಬೀಳಿಸುತ್ತದೆ. ಎಲ್ಲಿ ಬಿತ್ತು, ಯಾವಾಗ ಬಿತ್ತು ಎಂಬೆರಡು ಸಂಗತಿಗಳಿಂದ ಪ್ರತಿ ಚೂರಿನ ಹುಟ್ಟೂರು ತಿಳಿಯುತ್ತದೆ.

ಕೇಳುಗರೇ, ಎಲೆಕ್ಟ್ರಾನ್ ಕಳೆದುಕೊಂಡರೆ ಅಣು ದುರ್ಬಲವಾಗುತ್ತದೆ ಎಂದು ಈವರೆಗಿನ ಮಾತಿನಿಂದ ನಿಮಗೆ ಅನ್ನಿಸಿರಬಹುದು. ನಾವು ಉಸಿರಾಡುವ ಆಮ್ಲಜನಕದ ಅಣು ಅದನ್ನು ಸುಳ್ಳಾಗಿಸುತ್ತದೆ. ಅದರ ಅತಿ ಹೊರಗಿನ ಎಲೆಕ್ಟ್ರಾನುಗಳು ಇರುವುದು ಬಂಧವನ್ನು ಸಡಿಲಿಸುವ ನೆಲೆಯಲ್ಲಿ. 12.07 ಎಲೆಕ್ಟ್ರಾನ್ ವೋಲ್ಟ್ ಕೊಟ್ಟು ಅವುಗಳಲ್ಲಿ ಒಂದನ್ನು ತೆಗೆದರೆ ಉಳಿದ ಅಣು ಇನ್ನೂ ಗಟ್ಟಿಯಾಗುತ್ತದೆ. ಮೊದಲು ಅದನ್ನು ಒಡೆಯಲು 5.1 ಎಲೆಕ್ಟ್ರಾನ್ ವೋಲ್ಟ್ ಸಾಕಾಗಿತ್ತು, ಈಗ 6.7 ಬೇಕು. ಪರಮಾಣುಗಳು ಇನ್ನಷ್ಟು ಹತ್ತಿರ ಸರಿಯುತ್ತವೆ. ನೈಟ್ರಿಕ್ ಆಕ್ಸೈಡಿನದೂ ಇದೇ ಕತೆ. ಹಾಗಾದರೆ ಎಲೆಕ್ಟ್ರಾನ್ ಕಳೆದುಕೊಂಡ ಈ ಅಣು, ಅಂದರೆ ಅಯಾನು, ಒಡೆಯುವುದೇ ಇಲ್ಲವೇ? ಒಡೆಯುತ್ತದೆ. ಕಳೆದುಕೊಂಡ ಎಲೆಕ್ಟ್ರಾನ್ ಮರಳಿ ಬಂದಾಗ ಒಡೆಯುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ಶಕ್ತಿಯ ಲೆಕ್ಕ ಸಾಕು. ಎಲೆಕ್ಟ್ರಾನನ್ನು ಕೀಳಲು 12.07 ಎಲೆಕ್ಟ್ರಾನ್ ವೋಲ್ಟ್ ಕೊಟ್ಟಿದ್ದೆವಲ್ಲ, ಅದು ಮರಳುವಾಗ ಅಷ್ಟೂ ಶಕ್ತಿ ಬಿಡುಗಡೆಯಾಗುತ್ತದೆ. ಅದು ಎಲ್ಲಿಗಾದರೂ ಹೋಗಲೇಬೇಕು. ಬೆಳಕಾಗಿ ಹೋಗುವುದು ನಿಧಾನದ ದಾರಿ. ಬಂಧವನ್ನು ಮುರಿದು ಎರಡು ಪರಮಾಣುಗಳ ಓಟವಾಗಿ ಹೋಗುವುದು ಹತ್ತಿರದ ದಾರಿ. ಅಣು ಆ ಹತ್ತಿರದ ದಾರಿಯನ್ನೇ ಹಿಡಿಯುತ್ತದೆ. 1947ರಲ್ಲಿ ಡೇವಿಡ್ ಬೇಟ್ಸ್ ಮತ್ತು ಹ್ಯಾರಿ ಮಾಸ್ಸಿ ಮೇಲಿನ ವಾಯುಮಂಡಲದ ವಿದ್ಯುತ್ ಸ್ಥಿತಿಯನ್ನು ವಿವರಿಸಲು ಈ ವಿಚಾರವನ್ನು ಮುಂದಿಟ್ಟರು. ಒಂಟಿ ಪರಮಾಣುವಿನ ಅಯಾನಿಗೆ ಮುರಿಯಲು ಬಂಧವೇ ಇಲ್ಲ. ಅದು ಬೆಳಕನ್ನು ಉಗುಳಿಯೇ ತಣಿಯಬೇಕು. ಹಾಗಾಗಿ ಅಣುವಿನ ಅಯಾನು ಎಲೆಕ್ಟ್ರಾನನ್ನು ಮರಳಿ ಪಡೆಯುವ ವೇಗ ಪರಮಾಣುವಿನ ಅಯಾನಿಗಿಂತ ಸುಮಾರು ಲಕ್ಷ ಪಟ್ಟು ಹೆಚ್ಚು.

ರೇಡಿಯೋದ ಹಣೆಬರಹ ಇರುವುದು ಈ ಲಕ್ಷ ಪಟ್ಟಿನ ವ್ಯತ್ಯಾಸದಲ್ಲಿ. ನೆಲದಿಂದ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಡಿ ಎಂಬ ಪದರವಿದೆ. ಅಲ್ಲಿಗೆ ತಲುಪುವ ಸೂರ್ಯನ ನೇರಳಾತೀತ ಬೆಳಕಿನಲ್ಲಿ ಮುಖ್ಯವಾದದ್ದು ಹೈಡ್ರೋಜನ್ ಸೂಸುವ 121.6 ನ್ಯಾನೋಮೀಟರಿನ ಬೆಳಕು. ಅದರ ಫೋಟಾನಿನಲ್ಲಿ 10.2 ಎಲೆಕ್ಟ್ರಾನ್ ವೋಲ್ಟ್. ಸಾರಜನಕಕ್ಕೆ 15.6 ಬೇಕು, ಆಮ್ಲಜನಕಕ್ಕೆ 12.07 ಬೇಕು, ಎರಡಕ್ಕೂ ಅದು ಸಾಲದು. ಆದರೆ ಅಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ನೈಟ್ರಿಕ್ ಆಕ್ಸೈಡಿಗೆ 9.26 ಸಾಕು. ಗಾಳಿಯಲ್ಲಿ ಲೆಕ್ಕಕ್ಕೇ ಬಾರದಷ್ಟಿರುವ ಈ ಒಂದು ಅಣು ಹಗಲೆಲ್ಲ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಆ ಎಲೆಕ್ಟ್ರಾನುಗಳು ಮಧ್ಯಮ ತರಂಗದ ರೇಡಿಯೋ ಅಲೆಗಳನ್ನು ಹೀರಿಬಿಡುತ್ತವೆ. ಹೊತ್ತು ಮುಳುಗಿದರೆ ಬೆಳಕಿನ ಸರಬರಾಜು ನಿಲ್ಲುತ್ತದೆ. ಆ ಎತ್ತರದಲ್ಲಿ ಬಿಡಿ ಎಲೆಕ್ಟ್ರಾನುಗಳು ಅಯಾನುಗಳನ್ನು ಕೂಡಿ, ಆಮ್ಲಜನಕಕ್ಕೆ ಅಂಟಿ ಬೇಗನೆ ಮಾಯವಾಗುತ್ತವೆ.

ಇನ್ನೂ ಮೇಲೆ, 200–300 ಕಿಲೋಮೀಟರ್ ಎತ್ತರದ ಎಫ್ ಪದರದಲ್ಲಿ ಹೆಚ್ಚಾಗಿರುವುದು ಆಮ್ಲಜನಕದ ಒಂಟಿ ಪರಮಾಣುವಿನ ಅಯಾನು. ಅದಕ್ಕೆ ಒಡೆಯುವ ದಾರಿ ಇಲ್ಲ. ಅದು ಮೊದಲು ಯಾವುದಾದರೂ ಅಣುವನ್ನು ಸಂಧಿಸಿ ತನ್ನ ಆವೇಶವನ್ನು ಅದಕ್ಕೆ ದಾಟಿಸಬೇಕು. ಆ ಅಣು ಆಮೇಲೆ ಎಲೆಕ್ಟ್ರಾನನ್ನು ಪಡೆದು ಒಡೆಯಬೇಕು. ಅಷ್ಟು ತೆಳುವಾದ ಗಾಳಿಯಲ್ಲಿ ಅಂಥ ಸಂಧಿ ಅಪರೂಪ. ಹಾಗಾಗಿ ಎಫ್ ಪದರ ರಾತ್ರಿಯಿಡೀ ಉಳಿಯುತ್ತದೆ. ಕೆಳಗಿನ ಹೀರುವ ಪದರ ಕರಗಿದೆ, ಮೇಲಿನ ಪ್ರತಿಫಲಿಸುವ ಪದರ ಉಳಿದಿದೆ. ನಮ್ಮ ಅಲೆಗಳು ಮೇಲೆ ಹೋಗಿ ತಿರುಗಿ ದೂರದೂರಿನ ನೆಲ ಮುಟ್ಟುತ್ತವೆ. ಹಗಲಲ್ಲಿ ಸಿಗದ ನಿಲಯ ರಾತ್ರಿ ಸಿಗುವ ರಹಸ್ಯ ಇದು. ಅದೇ ಎತ್ತರದಲ್ಲಿ ಆಮ್ಲಜನಕದ ಅಣುಗಳು ಒಡೆದು ಹೊರಬಿದ್ದ ಪರಮಾಣುಗಳು 630 ನ್ಯಾನೋಮೀಟರಿನ ಮಂದ ಕೆಂಪು ಬೆಳಕನ್ನು ಸೂಸುತ್ತವೆ. ನಮ್ಮ ಕಣ್ಣಿಗೆ ಅದು ಕಾಣದಷ್ಟು ಕ್ಷೀಣ, ಉಪಕರಣಗಳಿಗೆ ಕಾಣುತ್ತದೆ.

ಸೂರ್ಯನಲ್ಲಿ ಜ್ವಾಲಾಸ್ಫೋಟವಾದಾಗ ಈ ಲೆಕ್ಕವೆಲ್ಲ ಬದಲಾಗುತ್ತದೆ. ಕ್ಷ-ಕಿರಣಗಳು ಡಿ ಪದರದವರೆಗೂ ಇಳಿದು ಸಾರಜನಕ, ಆಮ್ಲಜನಕಗಳಿಂದಲೇ ಎಲೆಕ್ಟ್ರಾನ್ ಕೀಳುತ್ತವೆ. ಹಗಲಿರುವ ಅರ್ಧ ಭೂಮಿಯಲ್ಲಿ ಕಿರುತರಂಗದ ಪ್ರಸಾರ ತಟ್ಟನೆ ಅಡಗುತ್ತದೆ. ಸೂರ್ಯನನ್ನು ಗಮನಿಸಲು 2023ರ ಸೆಪ್ಟೆಂಬರ್ 2ರಂದು ಹೊರಟ ನಮ್ಮ ದೇಶದ ಆದಿತ್ಯ ಎಲ್-1 ನೌಕೆಯಲ್ಲಿ ಇಂಥ ಕ್ಷ-ಕಿರಣಗಳನ್ನು ಅಳೆಯುವ ಎರಡು ಉಪಕರಣಗಳಿವೆ. ಎರಡೂ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದವು.

ಈಗ ಮಂಗಳಕ್ಕೆ ಹೋಗೋಣ. ಅಲ್ಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು. ಸೂರ್ಯನ ಬೆಳಕು ಅದರ ಎಲೆಕ್ಟ್ರಾನನ್ನು ಕೀಳುತ್ತದೆ. ಆ ಅಯಾನು ಆಮ್ಲಜನಕದ ಪರಮಾಣುವಿನೊಂದಿಗೆ ಸೇರಿ ಕೊನೆಗೆ ಆಮ್ಲಜನಕದ ಅಣುವಿನ ಅಯಾನು ಆಗುತ್ತದೆ. ಅದು ಎಲೆಕ್ಟ್ರಾನನ್ನು ಮರಳಿ ಪಡೆದು ಒಡೆಯುತ್ತದೆ. ಬಿಡುಗಡೆಯಾದ 12.07ರಲ್ಲಿ ಬಂಧ ಮುರಿಯಲು 5.1 ಹೋದರೆ ಉಳಿಯುವುದು ಸುಮಾರು 7 ಎಲೆಕ್ಟ್ರಾನ್ ವೋಲ್ಟ್. ಎರಡು ಪರಮಾಣುಗಳು ಹಂಚಿಕೊಂಡರೆ ತಲಾ ಮೂರೂವರೆ. ವೇಗ ಸೆಕೆಂಡಿಗೆ ಸುಮಾರು 6.5 ಕಿಲೋಮೀಟರ್. ಮಂಗಳದ ಸೆಳೆತದಿಂದ ತಪ್ಪಿಸಿಕೊಳ್ಳಲು 5 ಕಿಲೋಮೀಟರ್ ಸಾಕು. ವಾಯುಮಂಡಲದ ಮೇಲಂಚಿನಲ್ಲಿ ಒಡೆದು ಮೇಲ್ಮುಖವಾಗಿ ಹಾರಿದ ಪರಮಾಣು ಮಂಗಳಕ್ಕೆ ಮತ್ತೆ ಬರುವುದಿಲ್ಲ. ಭೂಮಿಯಲ್ಲೂ ಇದೇ ಅಣು ಇದೇ ರೀತಿ ಒಡೆಯುತ್ತದೆ. ಆದರೆ ಇಲ್ಲಿಂದ ಪಾರಾಗಲು ಸೆಕೆಂಡಿಗೆ 11 ಕಿಲೋಮೀಟರ್ ವೇಗ ಬೇಕು. ಪರಮಾಣು ಮೇಲೇರಿ ಮರಳಿ ಬೀಳುತ್ತದೆ. ಮಂಗಳ ತನ್ನ ಗಾಳಿಯನ್ನು ಕಳೆದುಕೊಂಡ ದಾರಿಗಳಲ್ಲಿ ಇದು ಮುಖ್ಯವಾದ ಒಂದು. ಅಮೆರಿಕದ ಮೇವೆನ್ ನೌಕೆ ಇದನ್ನು ಅಳೆಯಲೆಂದೇ 2014ರ ಸೆಪ್ಟೆಂಬರಿನಲ್ಲಿ ಅಲ್ಲಿಗೆ ತಲುಪಿತು. ಅದೇ ತಿಂಗಳ 24ರಂದು ನಮ್ಮ ಮಂಗಳಯಾನವೂ ತಲುಪಿತು. ಅಲ್ಲಿನ ಹೊರಗಾಳಿಯ ಅಣು ಪರಮಾಣುಗಳನ್ನು ತೂಗುವ ಉಪಕರಣವನ್ನು ಅದೂ ಹೊತ್ತಿತ್ತು.

ಇನ್ನು ಕ್ಷ-ಕಿರಣದ ವಿಚಾರ. ಕ್ಷ-ಕಿರಣ ನೀರಿನ ಹೊರಗಿನ ಎಲೆಕ್ಟ್ರಾನುಗಳಿಗಿಂತ ಹೆಚ್ಚಾಗಿ ಒಳಗಿನ ಜೋಡಿಯನ್ನೇ ಹಿಡಿಯುತ್ತದೆ. ಒಳಗೆ ಒಂದು ಸ್ಥಾನ ಖಾಲಿಯಾದರೆ, ಸುಮಾರು 4 ಫೆಮ್ಟೋಸೆಕೆಂಡಿನಲ್ಲಿ ಹೊರಗಿನ ಎಲೆಕ್ಟ್ರಾನ್ ಅಲ್ಲಿಗೆ ಇಳಿಯುತ್ತದೆ, ಇಳಿಯುವಾಗ ಬಿಟ್ಟ ಶಕ್ತಿಯಿಂದ ಇನ್ನೊಂದು ಎಲೆಕ್ಟ್ರಾನ್ ಹೊರಗೆ ಹಾರುತ್ತದೆ. ಕೀಳಲು ಹೊರಟದ್ದು ಒಂದು, ಹೋದದ್ದು ಎರಡು. ಲೀಸೆ ಮೈಟ್ನರ್ 1922ರಲ್ಲಿ, ಪಿಯರ್ ಓಜೆ 1923ರಲ್ಲಿ ಇದನ್ನು ಕಂಡರು. ಹೆಸರು ಮಾತ್ರ ಓಜೆಯವರದು ಉಳಿಯಿತು; ಮೈಟ್ನರ್ ಅವರ ಪಾಲನ್ನೂ ನಾವು ನೆನೆಯುವುದು ನ್ಯಾಯ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ನೀರು ಉಳಿಯುವುದು ಕಷ್ಟ. ಅದರ ಪ್ರೋಟಾನುಗಳು ಸಿಡಿದುಹೋಗುತ್ತವೆ.

2017ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದರ ಪರಾಕಾಷ್ಠೆ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿರುವ ಕ್ಷ-ಕಿರಣ ಲೇಸರಿನ ಮಿಂಚನ್ನು ಅಯೋಡೋಮೀಥೇನ್ ಎಂಬ ಪುಟ್ಟ ಅಣುವಿನ ಮೇಲೆ ಕೇಂದ್ರೀಕರಿಸಿದರು. ಅದರಲ್ಲಿರುವುದು 62 ಎಲೆಕ್ಟ್ರಾನುಗಳು. ಅಯೋಡಿನ್ ಪರಮಾಣು ತನ್ನವನ್ನು ಕಳೆದುಕೊಂಡಾಗ ಪಕ್ಕದ ಇಂಗಾಲ, ಹೈಡ್ರೋಜನ್‌ಗಳಿಂದಲೂ ಸೆಳೆದುಕೊಂಡಿತು. ಒಂದೇ ಮಿಂಚಿನಲ್ಲಿ 54 ಎಲೆಕ್ಟ್ರಾನುಗಳವರೆಗೆ ಹೋದವು. 2022ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಬಳಿಯ ಯುರೋಪಿಯನ್ ಕ್ಷ-ಕಿರಣ ಲೇಸರಿನಲ್ಲಿ ಹನ್ನೊಂದು ಪರಮಾಣುಗಳ ಅಯೋಡೋಪಿರಿಡೀನ್ ಅಣುವನ್ನು ಹೀಗೆಯೇ ಸಿಡಿಸಿ, ಚೂರುಗಳಿಂದ ಅದರ ಪೂರ್ಣ ಚಿತ್ರವನ್ನು ಮರುಕಟ್ಟಿದರು. ಸಾಮಾನ್ಯ ಕ್ಷ-ಕಿರಣ ಚಿತ್ರಗಳಲ್ಲಿ ಕಾಣಸಿಗದ ಹೈಡ್ರೋಜನ್‌ಗಳೂ ಅದರಲ್ಲಿ ಸ್ಪಷ್ಟವಾಗಿದ್ದವು.

ನೆರೆಯ ಅಣುವಿಗೂ ಇದರ ಬಿಸಿ ತಟ್ಟುತ್ತದೆ. 1997ರಲ್ಲಿ ಹೈಡೆಲ್‌ಬರ್ಗಿನ ಲೊರೆನ್ಸ್ ಸೆಡರ್‌ಬಾಮ್ ಮತ್ತು ಸಂಗಡಿಗರು ಲೆಕ್ಕ ಹಾಕಿ ಹೇಳಿದ್ದು ಹೀಗೆ: ಎಲೆಕ್ಟ್ರಾನ್ ಕಳೆದುಕೊಂಡು ಉದ್ರೇಕಗೊಂಡ ಅಣು ತನ್ನ ಹೆಚ್ಚುವರಿ ಶಕ್ತಿಯನ್ನು ಪಕ್ಕದ ಅಣುವಿಗೆ ದಾಟಿಸಿ ಅದರ ಎಲೆಕ್ಟ್ರಾನನ್ನೂ ಹೊರಗಟ್ಟಬಲ್ಲದು. 2010ರಲ್ಲಿ ನೀರಿನ ಅಣುಗಳ ಜೋಡಿಯಲ್ಲಿ ಇದು ನಡೆಯುವುದನ್ನು ಪ್ರಯೋಗಗಳು ತೋರಿಸಿದವು. ಹೀಗೆ ಹೊರಬಿದ್ದ ಎಲೆಕ್ಟ್ರಾನಿನ ಶಕ್ತಿ ಕಡಿಮೆ, ಆದರೆ ಅಂಥ ಮಂದ ಎಲೆಕ್ಟ್ರಾನುಗಳು ಡಿಎನ್‌ಎಯ ಎಳೆಗಳನ್ನು ಕತ್ತರಿಸಬಲ್ಲವು. ನಮ್ಮ ಜೀವಕೋಶದ ಬಹುಪಾಲು ನೀರೇ ಆಗಿರುವುದರಿಂದ, ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವಾಗ ದೇಹದೊಳಗೆ ನಡೆಯುವುದನ್ನು ಅರಿಯಲು ಈ ಪುಟ್ಟ ಅಣುವಿನ ಒಡೆತವನ್ನು ಅರಿಯುವುದು ಅಗತ್ಯ.

ಇಂಥ ಕೆಲಸ ನಮ್ಮ ದೇಶದಲ್ಲೂ ನಡೆಯುತ್ತಿದೆ. ತುಮಕೂರು ಸೀಮೆಯಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣ ಅವರ ಹೆಸರಿನ ಇಂದೋರಿನ ಸಂಶೋಧನಾ ಕೇಂದ್ರದಲ್ಲಿ ಇಂಡಸ್-1 ಎಂಬ ಸಿಂಕ್ರೋಟ್ರಾನ್ 1999ರಿಂದ ಇದೆ. ಎಲೆಕ್ಟ್ರಾನುಗಳನ್ನು ವರ್ತುಲದಲ್ಲಿ ಓಡಿಸಿ ನೇರಳಾತೀತ ಮತ್ತು ಮೃದು ಕ್ಷ-ಕಿರಣಗಳನ್ನು ಪಡೆಯುವ ಯಂತ್ರವದು. ವಿಶ್ವವಿದ್ಯಾಲಯಗಳ ಸಂಶೋಧಕರಿಗೂ ಅದರ ಬಾಗಿಲು ತೆರೆದಿದೆ.

ಕೊನೆಯದಾಗಿ, ಕೇಳುತ್ತಿರುವ ವಿದ್ಯಾರ್ಥಿಗಳಿಗೂ ಉಪನ್ಯಾಸಕರಿಗೂ ಒಂದು ವಿನಂತಿ. ಅಯಾನೀಕರಣ ಎಂದರೆ ಎಲೆಕ್ಟ್ರಾನ್ ಕಳೆದುಕೊಳ್ಳುವುದು ಎಂಬ ವ್ಯಾಖ್ಯೆಯನ್ನು ಬರೆದು ಅಂಕ ಪಡೆದು ನಾವು ಅಲ್ಲಿಗೇ ನಿಲ್ಲುತ್ತೇವೆ. ನಿಜವಾದ ವಿಜ್ಞಾನ ಅಲ್ಲಿಂದ ಆರಂಭವಾಗುತ್ತದೆ. ಯಾವ ಎಲೆಕ್ಟ್ರಾನ್ ಹೋಯಿತು, ಅದು ಏನು ಕೆಲಸ ಮಾಡುತ್ತಿತ್ತು, ಆಮೇಲೆ ಶಕ್ತಿ ಎಲ್ಲಿಗೆ ಹೋಯಿತು ಎಂದು ತರಗತಿಯಲ್ಲಿ ಕೇಳಿ, ಕೇಳಿಸಿ. ಇಲ್ಲಿ ಬಂದ ಲೆಕ್ಕಗಳಲ್ಲಿ ಹಲವು ಬರೀ ಕೂಡುವ ಕಳೆಯುವ ಲೆಕ್ಕಗಳು. ಪಿಯುಸಿ ವಿದ್ಯಾರ್ಥಿಯೊಬ್ಬಳು ಮನೆಯಲ್ಲಿ ಕುಳಿತು ಮಾಡಬಹುದಾದವು. ಮಂಗಳದ ಗಾಳಿ ಏಕೆ ಹಾರಿಹೋಯಿತು, ಭೂಮಿಯದು ಏಕೆ ಉಳಿಯಿತು ಎಂಬ ಲೆಕ್ಕವನ್ನು ದಯವಿಟ್ಟು ಒಮ್ಮೆ ಕಾಗದದ ಮೇಲೆ ನೀವೇ ಮಾಡಿ ನೋಡಿ.